ಟಗರಿಗೆ ಹರಿಗೋಲಿನ ಪಾಠ

೧೯೩೮ರ ಮುಂಗಾರಿನ ಮೊದಲ ವಾರ. ಹೊನ್ನಾಳಿಯ ಹೊಳೆದಂಡೆಯಲ್ಲಿ ಹರಿಗೋಲಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲಿನ ಮೇಲೆ ನೆರೆಮನೆಯ ಹೆಂಗಸರಿಬ್ಬರು ಕೂತಿದ್ದರು, ಹಿರಿಯಳು ಕೊಟ್ರಮ್ಮ, ಕಿರಿಯಳು ಸೈದಾಬೀ. ನೀರಂಚಿನಲ್ಲಿ ಸೈದಾಬೀಯ ಗಂಡ ನನ್ನೇಸಾಬ ತಾನು ಸಾಕಿದ ಟಗರಿನ ಬೆನ್ನು ಸವರುತ್ತ ನಿಂತಿದ್ದ.

"ಸೈದಮ್ಮ, ಟಗರಿಗೆ ಆಚೆ ದಡದಾಗೆ ಏನು ಕೆಲಸ?"

"ಹರಿಗೋಲು ಹತ್ತಾಕೆ ಕಲಿಸ್ತಾರಂತೆ, ಕೊಟ್ರಕ್ಕ. ಹೊಳೆ ಏರಿದ್ರೆ ಅದು ಹೆದರಬಾರದಂತೆ. ದಿನಾ ಕರಕೊಂಡು ಹೋಗಿ ಬರ್ತಾರೆ."

"ನಿನ್ನ?"

"ಮದುವೆಯಾಗಿ ಆರು ವರ್ಷ ಆತು, ಒಂದಿನಾನೂ ಕರಕೊಂಡು ಹೋಗಿಲ್ಲ. ಇವತ್ತು ನಾನೇ ಹಟ ಮಾಡಿ ಬಂದೀನಿ."

"ಹೋದ ವರ್ಷ ಓಣಿಗೆ ನೀರು ಬಂದಾಗ ಏನು ಮಾಡಿದ್ದ?"

"ಟಗರನ್ನ ಹೆಗಲ ಮೇಲೆ ಹೊತ್ಕೊಂಡು ಹೋದ್ರು. ನಾನು ಸೊಂಟದ ಮಟ ನೀರಾಗೆ ಹಿಂದೆ ನಡದೆ. ಅದು ತಿರುಗಿ ತಿರುಗಿ ನನ್ನೇ ನೋಡ್ತಿತ್ತು, ಸವತಿ ಹಂಗೆ."

"ಈ ಸಲಾನೂ ಹೊರ್ತಾನಾ?"

"ಇಲ್ಲಂತೆ. 'ಅದು ತಾನೇ ಹತ್ತಿದ್ರೆ ನನ್ನ ಹೆಗಲು ಖಾಲಿ ಇರ್ತೈತೆ' ಅಂತಾರೆ."

"ಯಾರಿಗೆ ಖಾಲಿ ಅಂತ ಕೇಳಿದೇನು?"

"ಯಾಕೆ ಕೇಳ್ಲಿ? ಅದರ ಹುಲ್ಲಿನ ಹೊರೆ ಹೊರಾಕಿರಬೇಕು."

ಹರಿಗೋಲು ಬಂತು. ಟಗರು ಒಂದೇ ನೆಗೆತಕ್ಕೆ ಹತ್ತಿ ನಡುವೆ ಮಲಗಿತು. ನನ್ನೇಸಾಬ ಮೊಣಕಾಲುದ್ದ ನೀರಿನಲ್ಲಿ ಹಿಂದಕ್ಕೆ ಬಂದು ಹೆಂಡತಿಯ ಕಡೆ ಕೈ ಚಾಚಿದ.

"ಬಾ, ಎತ್ಕೊಂತೀನಿ."

ಸೈದಾಬೀ ಸೆರಗು ಬಿಗಿಮಾಡಿಕೊಂಡು ಎದ್ದಳು.

"ಮೊದಲು ಅದನ್ನ ಸವರಿದ ಕೈ ತೊಳಕೊಳ್ರಿ."

ಅವನು ಬಗ್ಗಿ, ಹೊಳೆಯಲ್ಲೇ ಎರಡು ಸಲ ತೊಳೆದುಕೊಂಡ.