ಎಡಗಣ್ಣು, ಎರಡನೇ ಗುಂಡಿ, ಮೀಸೆಯ ತುದಿ

ಹೆಸರು: ಕೃಷ್ಣಮೂರ್ತಿ ಉರುಫ್ ಕಿಟ್ಟಿ. ತಂದೆಯ ಹೆಸರು: ರಂಗಸ್ವಾಮಿ. ವಯಸ್ಸು: 24 ವರ್ಷ. ಕೆಲಸ: ಫೋಟೊಗ್ರಾಫರ್. ವಾಸ: ನಂ. 47, 3ನೇ ಅಡ್ಡರಸ್ತೆ, ಬಸವೇಶ್ವರನಗರ, ಬೆಂಗಳೂರು.

ದಿನಾಂಕ 08-12-2025ರ ಸೋಮವಾರ ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಠಾಣೆಗೆ ಹಾಜರಾಗಿ, ಹೆಡ್ ಕಾನ್‌ಸ್ಟೆಬಲ್ ಶ್ರೀಮತಿ ಶೋಭಾರಾಣಿಯವರು ಕೊಟ್ಟ ಬಿಳಿ ಹಾಳೆಯ ಮೇಲೆ ನನ್ನ ಕೈಬರಹದಲ್ಲೇ ಅರಿಕೆ ಮಾಡಿಕೊಳ್ಳುವುದೇನೆಂದರೆ:

ನಾನು ಆರು ವರ್ಷಗಳಿಂದ ವಿಜಯನಗರದ ವಾಗ್ದೇವಿ ಡಿಜಿಟಲ್ ಸ್ಟುಡಿಯೋದಲ್ಲಿ ಕೆಲಸ ಮಾಡಿಕೊಂಡಿರುತ್ತೇನೆ. ಅದರ ಮಾಲೀಕರಾದ ಶ್ರೀ ವೆಂಕಟರಮಣಪ್ಪ, 63 ವರ್ಷ, ಇವರು ನಿನ್ನೆ ಬೆಳಿಗ್ಗೆ 11-30ರಿಂದ ಕಾಣೆಯಾಗಿರುತ್ತಾರೆ. ನನಗೆ ಕೆಲಸ ಕಲಿಸಿದ ಗುರುಗಳು ಅವರೇ. ಅವರನ್ನು ಹುಡುಕಿಕೊಡಬೇಕು. ಅವರ ಪತ್ನಿ ಜಗದಾಂಬಾ ಆಂಟಿ ನನ್ನ ಜೊತೆ ಬಂದು ಬೆಂಚಿನ ಮೇಲೆ ಕುಳಿತಿರುತ್ತಾರೆ. ಅವರ ಪರವಾಗಿಯೂ ನಾನೇ ಬರೆಯುತ್ತಿದ್ದೇನೆ.

ಮೊದಲು ನಾನು ಇಷ್ಟನ್ನೇ ಬರೆದುಕೊಟ್ಟೆ. ಶೋಭಾರಾಣಿ ಮೇಡಂ ಓದಿ, "ಏನಪ್ಪಾ ಇದು, ಮನುಷ್ಯ ಸುಮ್ ಸುಮ್ನೆ ಎದ್ದು ಹೋಗ್ತಾನಾ? ಏನ್ ನಡೀತು ಅಂತ ಮೊದಲಿಂದ ಬರಿ" ಎಂದು ಆದೇಶಿಸಿದ್ದರಿಂದ ಮೊದಲಿನಿಂದ ಬರೆಯುತ್ತಿದ್ದೇನೆ.

ಸ್ಟುಡಿಯೋದಲ್ಲಿ ಎರಡು ಡಿಎಸ್‌ಎಲ್‌ಆರ್ ಕ್ಯಾಮೆರಾಗಳಿವೆ. ಎರಡೂ ಹಳೆಯವು. ದೊಡ್ಡದು ಹದಿನಾರು ವರ್ಷದ್ದು, ಹನ್ನೆರಡು ಮೆಗಾಪಿಕ್ಸೆಲ್, ಫುಲ್ ಫ್ರೇಮ್, ಅಂದರೆ ಒಳಗೆ ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದು. ಒಂದೇ ಕಾರ್ಡ್ ಹಿಡಿಯುತ್ತದೆ, ವಿಡಿಯೋ ಬರುವುದಿಲ್ಲ, ಕುತ್ತಿಗೆಗೆ ಹಾಕಿಕೊಂಡರೆ ಮಗು ನೇತು ಹಾಕಿಕೊಂಡಷ್ಟು ಭಾರ. ಆದರೆ ಬೆಳಕು ಕಮ್ಮಿ ಇರುವ ಛತ್ರದಲ್ಲಿ ಮುಖವನ್ನು ಅದರಷ್ಟು ನುಣುಪಾಗಿ ಹಿಡಿಯುವುದು ಚಿಕ್ಕದರ ಕೈಲಾಗುವುದಿಲ್ಲ. ಚಿಕ್ಕದು ಹದಿನಾಲ್ಕು ವರ್ಷದ್ದು, ಹದಿನಾರು ಮೆಗಾಪಿಕ್ಸೆಲ್, ಎರಡು ಕಾರ್ಡ್. ಒಳಗಿನ ಸೆನ್ಸರ್ ಸಣ್ಣದಾದ ಕಾರಣ ಅದೇ ಲೆನ್ಸ್ ಹಾಕಿದರೂ ದೂರದಲ್ಲಿರುವುದು ಒಂದೂವರೆ ಪಟ್ಟು ಹತ್ತಿರ ಬಂದ ಹಾಗೆ ತೋರುತ್ತದೆ. ಮೈದಾನಕ್ಕೆ ಅದೇ ಸರಿ. ಬೆಳಕು ಕಮ್ಮಿಯಾದರೆ ಮಾತ್ರ ಮುಖದ ಮೇಲೆ ರವೆ ಚೆಲ್ಲಿದ ಹಾಗೆ ಕಾಳು ಕಾಳಾಗಿ ಬರುತ್ತದೆ.

ಇಷ್ಟು ಬರೆಯುವ ಹೊತ್ತಿಗೆ ಮೇಡಂ ಹಾಳೆಯ ಕಡೆ ಬಗ್ಗಿ ನೋಡಿ, ಕಳೆದಿರುವುದು ಕ್ಯಾಮೆರಾನಾ ಮನುಷ್ಯನಾ ಎಂದು ಕೇಳಿದರು. ಮನುಷ್ಯ ಎಂದು ತಿಳಿಸಿದೆ.

ದಿನಾಂಕ 06-12-2025ರ ಶನಿವಾರ ಬೆಳಿಗ್ಗೆ 11-20ಕ್ಕೆ ಮರುದಿನದ ಎರಡು ಕೆಲಸಗಳ ಬಗ್ಗೆ ಮಾತಾಯಿತು. ಒಂದು ವಿಜಯನಗರದ ಹಾಲ್ ಒಂದರಲ್ಲಿ ನಾಮಕರಣ. ಇನ್ನೊಂದು ಕೆಂಗೇರಿಯ ಖಾಸಗಿ ಶಾಲೆಯ ಕ್ರೀಡಾಕೂಟ. ನಾಮಕರಣಕ್ಕೆ ದೊಡ್ಡದು, ಕ್ರೀಡಾಕೂಟಕ್ಕೆ ಚಿಕ್ಕದು ಎಂದು ನಾನು ಹೇಳಿದೆ. ಗುರುಗಳು ಒಪ್ಪಲಿಲ್ಲ. "ಅದು ಆಟದ ಸಾಮಾನು ಕಣೋ. ಕೆಂಗೇರಿಗೆ ನಾನು ಹೋಗೋದು, ದೊಡ್ಡದು ನನ್ ಜೊತೆ ಬರುತ್ತೆ" ಎಂದರು. "ಸಾರ್, ಅಷ್ಟು ದೊಡ್ಡ ಮೈದಾನದಲ್ಲಿ ಮಕ್ಕಳು ಇರುವೆ ಥರ ಬರ್ತಾರೆ" ಎಂದೆ. ದೊಡ್ಡದರಲ್ಲಿ ತೆಗೆದ ಫೋಟೊವನ್ನು ಹತ್ತಡಿ ದೂರದಿಂದಲೇ ಗುರುತು ಹಿಡಿಯುತ್ತೇನೆ, ನಿನ್ನ ಚಿಕ್ಕದನ್ನು ಪಕ್ಕದಲ್ಲಿಟ್ಟು ತೋರಿಸು ನೋಡೋಣ ಎಂದು ಸವಾಲು ಹಾಕಿದರು. ಈ ಮಾತನ್ನು ಅವರು ಆರು ವರ್ಷದಿಂದ ಹೇಳುತ್ತಿದ್ದರು.

11-45ಕ್ಕೆ ಪರೀಕ್ಷೆ ಶುರುವಾಯಿತು. ಅಂಗಡಿಯ ಷಟರ್ ಮುಕ್ಕಾಲು ಇಳಿಸಿ, ಒಂದೇ ಟ್ಯೂಬ್‌ಲೈಟ್ ಉಳಿಸಿ, ಪಾಸ್‌ಪೋರ್ಟ್ ಸೈಜಿಗೆ ಗಿರಾಕಿಗಳನ್ನು ಕೂರಿಸುವ ಸ್ಟೂಲಿನ ಮೇಲೆ ಗುರುಗಳನ್ನು ಕೂರಿಸಿದೆ. ಎಂಟು ಅಡಿ ದೂರದಿಂದ, ಒಂದೇ ಉದ್ದನೆಯ ಲೆನ್ಸನ್ನು ಎರಡಕ್ಕೂ ಬದಲಾಯಿಸಿ ಹಾಕಿ, ಒಂದೊಂದರಲ್ಲಿ ಆರಾರು ಫೋಟೊ ತೆಗೆದೆ. "ಗಲ್ಲ ಸ್ವಲ್ಪ ಕೆಳಗೆ ಸಾರ್, ನಗಬೇಡಿ, ಪಾಸ್‌ಪೋರ್ಟ್ ಆಫೀಸಲ್ಲಿ ವಾಪಸ್ ಕಳಿಸ್ತಾರೆ" ಎಂದು ಅವರದೇ ಮಾತನ್ನು ಅವರದೇ ಗಂಭೀರ ದನಿಯಲ್ಲಿ ಹೇಳಿದೆ. ಅವರು ನಕ್ಕರು.

ಕ್ಯಾಮೆರಾ ಪರೀಕ್ಷೆ ಮಾಡುವವರು ಇಡೀ ಫೋಟೊ ನೋಡುವುದಿಲ್ಲವೆಂಬುದನ್ನು ಇಲ್ಲಿ ತಿಳಿಸಬೇಕು. ಒಂದು ತುಂಡನ್ನು ಪೂರ್ತಿ ದೊಡ್ಡದು ಮಾಡಿ ರೆಪ್ಪೆಯ ಕೂದಲು, ಬಟ್ಟೆಯ ನೇಯ್ಗೆ ನೋಡುತ್ತಾರೆ. ನಾನೂ ಹಾಗೆಯೇ ಗುರುಗಳ ಎಡಗಣ್ಣು, ಅಂಗಿಯ ಎರಡನೇ ಗುಂಡಿ, ಮೀಸೆಯ ಬಲತುದಿ, ಈ ಮೂರನ್ನು ಎರಡೂ ಕ್ಯಾಮೆರಾದ ಫೋಟೊಗಳಿಂದ ಕತ್ತರಿಸಿ ಬೇರೆ ಇಟ್ಟೆ. ಒಂದು ಚೀಟಿಯಲ್ಲಿ ಅಂಕವನ್ನೂ ಬರೆದೆ. ರೆಪ್ಪೆ: ದೊಡ್ಡದಕ್ಕೆ 9, ಚಿಕ್ಕದಕ್ಕೆ 7. ನೇಯ್ಗೆ: ದೊಡ್ಡದಕ್ಕೆ 7, ಚಿಕ್ಕದಕ್ಕೆ 8. ಪಾಪೆಯ ಕಪ್ಪು: ಎರಡರಲ್ಲೂ ಬೂದುಬಣ್ಣ ಬರುತ್ತಿದೆ, ಲೆನ್ಸಿನ ದೋಷ ಇರಬಹುದು, ಎರಡಕ್ಕೂ 4.

12-10ಕ್ಕೆ ಪಕ್ಕದ ಜೆರಾಕ್ಸ್ ಅಂಗಡಿಯ ಅಮರೇಶ ಟೀ ಹಿಡಿದು ಬಂದ. ಅವನ ಮುಂದೆ ನನಗೆ ಒಂದು ತಮಾಷೆ ಹೊಳೆಯಿತು. ಕಂಪ್ಯೂಟರಿನಲ್ಲಿ ಎಡಕ್ಕೂ ಬಲಕ್ಕೂ ಚಿಕ್ಕ ಕ್ಯಾಮೆರಾದ ಒಂದೇ ಫೋಟೊವನ್ನು ಹಾಕಿ, ಎರಡರಲ್ಲಿ ದೊಡ್ಡದು ಯಾವುದು ಸಾರ್ ಎಂದು ಕೇಳಿದೆ. ಗುರುಗಳು ಆರು ನಿಮಿಷ ಪರಿಶೀಲಿಸಿ, ಎಡಗಡೆಯದು ದೊಡ್ಡದು ಎಂದು ತೀರ್ಪು ಕೊಟ್ಟರು. "ನೆರಳು ನೋಡೋ, ಬೆಣ್ಣೆ ಬಳಿದಂಗೆ ಇಳಿದಿದೆ. ಬಲಗಡೇದು ನೋಡು, ಒಣಗಿದ ಚಪಾತಿ" ಎಂದರು. ಅಮರೇಶನ ಟೀ ಮೂಗಿಗೆ ಹತ್ತಿತು. ನಾನು ಎದ್ದು ನಿಂತು, ಎರಡೂ ಒಂದೇ ಫೋಟೊ ಎಂದು ಘೋಷಿಸಿದೆ. ಗುರುಗಳು ನನ್ನ ತಲೆಗೆ ಮೊಟಕಿ, ತಾವೂ ನಕ್ಕರು.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು.

12-25ಕ್ಕೆ, ಈ ಸಲ ಅವರೇ ಗೆಲ್ಲಲಿ ಎಂಬ ಉದ್ದೇಶದಿಂದಲೇ, ಚಿಕ್ಕ ಕ್ಯಾಮೆರಾದಲ್ಲಿದ್ದ ಆ ಉದ್ದನೆಯ ಲೆನ್ಸಿನ ಫೋಕಸ್ ಸ್ವಿಚ್ಚನ್ನು ಕೈಯಿಂದ ತಿರುಗಿಸುವ ಕಡೆಗೆ ತಳ್ಳಿ, ಬೇಕೆಂದೇ ತಪ್ಪಾಗಿ ತಿರುಗಿಸಿ, ಅಮರೇಶನ ಒಂದು ಫೋಟೊ ತೆಗೆದೆ. ಇಡ್ಲಿ ಪಾತ್ರೆಯ ಹಬೆಯ ಹಿಂದೆ ನಿಂತವನ ಹಾಗೆ ಬಂದಿದ್ದ. ಅದನ್ನು ದೊಡ್ಡ ಕ್ಯಾಮೆರಾದ ಒಳ್ಳೆಯ ಫೋಟೊದ ಪಕ್ಕದಲ್ಲಿಟ್ಟು, ಯಾವುದು ಶಾರ್ಪ್ ಆಗಿದೆ ಹೇಳಿ ಸಾರ್ ಎಂದೆ. "ಏನೋ ಇದು, ಫೋಕಸ್ಸೇ ಇಲ್ವಲ್ಲೋ ಮುಠ್ಠಾಳ" ಎಂದು ಬೈಯುತ್ತಾರೆಂದು ಕಾದೆ. ಅವರು ಕುರ್ಚಿಯನ್ನು ಮುಂದೆ ಎಳೆದುಕೊಂಡರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮಾನಿಟರಿನಿಂದ ಅವರ ಮೂಗಿಗೆ ಐದು ಇಂಚು ಇತ್ತು. ನಾಲ್ಕು ನಿಮಿಷ ಆದ ಮೇಲೆ, "ಎರಡೂ ಚೆನ್ನಾಗೇ ಇದೆ" ಎಂದರು.

ಇದು ಗುರುಗಳು ನಮಗೆ ತಿರುಗಿ ಹಾಕಿದ ತಮಾಷೆ ಎಂದುಕೊಂಡು ಅಮರೇಶ ನಕ್ಕ. ನಾನೂ ನಕ್ಕೆ. ಸುಮಾರು ಎಂಟು ಸೆಕೆಂಡ್ ನಕ್ಕಿರಬಹುದು. ಅಷ್ಟರಲ್ಲಿ ಗುರುಗಳ ಬಲಗೈ ಮಾನಿಟರಿನ ಅಂಚನ್ನು ಸವರಿ, ಫೋಟೊ ಎಲ್ಲಿ ಮುಗಿಯುತ್ತದೆ ಎಂದು ಹುಡುಕುತ್ತಿರುವುದನ್ನು ಕಂಡೆ. ಅಮರೇಶ ಲೋಟ ತೆಗೆದುಕೊಂಡು, "ಬರ್ತೀನಿ ಅಣ್ಣ" ಎಂದು ಹೊರಟುಹೋದ.

ಗುರುಗಳು, ನಾಳೆಗೆ ಕಾರ್ಡ್ ಖಾಲಿ ಬೇಕು, ಎಲ್ಲವನ್ನೂ ಅಳಿಸಿಬಿಡು ಎಂದರು. 12-40ಕ್ಕೆ ಎರಡೂ ಕ್ಯಾಮೆರಾದ ಕಾರ್ಡುಗಳನ್ನೂ ಕಂಪ್ಯೂಟರಿನಲ್ಲಿದ್ದ ಫೋಟೊಗಳನ್ನೂ ಅಳಿಸಿದೆ. ಕತ್ತರಿಸಿ ಬೇರೆ ಇಟ್ಟಿದ್ದ ತುಂಡುಗಳು ಮಾತ್ರ ಪೆನ್‌ಡ್ರೈವಿನಲ್ಲಿ ಉಳಿದವು. ನಂತರ ಅವರು, "ನೀನ್ ಹೇಳಿದ್ದೇ ಸರಿ ಕಣೋ, ಚಿಕ್ಕದೇ ತಗೊಂಡು ಹೋಗ್ತೀನಿ" ಎಂದು ತಾವೇ ಅದನ್ನು ಬ್ಯಾಗಿಗೆ ಹಾಕಿಕೊಂಡರು. ಕೆಂಗೇರಿಗೆ ನಾನು ಹೋಗುತ್ತೇನೆ, ನಾಮಕರಣದ ಹಾಲ್ ನಿಮ್ಮ ಮನೆಗೆ ಹತ್ತಿರ, ನೀವು ಅಲ್ಲಿಗೆ ಹೋಗಿ ಸಾರ್ ಎಂದೆ. ಅವರು ಜಿಪ್ ಎಳೆಯುವುದನ್ನು ನಿಲ್ಲಿಸಿ, "ಯಾಕೋ, ನನಗೇನ್ ಕಣ್ ಕಾಣಲ್ವಾ?" ಎಂದು ಕೇಳಿದರು. ಅಯ್ಯೋ ಹಾಗಲ್ಲ ಸಾರ್ ಎಂದೆ. ಈ ಗಡಿಬಿಡಿಯಲ್ಲಿ ಲೆನ್ಸಿನ ಸ್ವಿಚ್ಚನ್ನು ಹಿಂದಕ್ಕೆ ತಳ್ಳುವುದನ್ನು ಮರೆತೆ.

ದಿನಾಂಕ 07-12-2025ರ ಭಾನುವಾರ ಬೆಳಿಗ್ಗೆ 7-05ಕ್ಕೆ ಗುರುಗಳನ್ನು ನನ್ನ ಸ್ಕೂಟರಿನಲ್ಲಿ ವಿಜಯನಗರ ಮೆಟ್ರೊ ನಿಲ್ದಾಣದವರೆಗೆ ಬಿಟ್ಟೆ. ಬಿಳಿ ಅರ್ಧ ತೋಳಿನ ಅಂಗಿ, ಬೂದು ಪ್ಯಾಂಟು, ಕಂದು ಸ್ವೆಟರ್ ಹಾಕಿದ್ದರು. ನಾನು ನಾಮಕರಣಕ್ಕೆ ಹೋದೆ. ಮಧ್ಯಾಹ್ನ 12-15ಕ್ಕೆ ಶಾಲೆಯ ಶಿಕ್ಷಕಿ ಅನಂತಲಕ್ಷ್ಮಿ ಮೇಡಂ ಗುರುಗಳ ಮೊಬೈಲಿನಿಂದ ನನಗೆ ಫೋನ್ ಮಾಡಿದರು. ಅವರು ತಿಳಿಸಿದ್ದು ಹೀಗಿದೆ. 11-15ರ ಸುಮಾರಿಗೆ ಒಬ್ಬ ತಂದೆ ತಮ್ಮ ಮಗಳು ಓಡಿದ ಫೋಟೊ ತೋರಿಸಿ ಎಂದು ಕೇಳಿದರು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿ, "ಅಂಕಲ್, ಏನೂ ಗೊತ್ತಾಗ್ತಾ ಇಲ್ವಲ್ಲ, ಬೇರೆ ತೋರ್ಸಿ" ಎಂದರು. ಬೇರೆಯದೂ ಹಾಗೇ ಇತ್ತು. ಹತ್ತು ಹನ್ನೆರಡು ಜನ ಸೇರಿದರು. ಒಬ್ಬರು, ಇವರಿಗೆ ಕಣ್ಣೇ ಕಾಣಲ್ಲ ಅನ್ಸುತ್ತೆ ಎಂದರು. ಗುರುಗಳು ಅನಂತಲಕ್ಷ್ಮಿ ಮೇಡಂ ಬಳಿ ಕ್ಯಾಮೆರಾ ತಂದು, "ನಿಮ್ ಕಣ್ಣಿಗೆ ಹೆಂಗ್ ಕಾಣುತ್ತೆ ಸ್ವಲ್ಪ ನೋಡಿ ಹೇಳಿಮ್ಮ" ಎಂದರು. ಮೇಡಂ ಒಂದೊಂದಾಗಿ ನೋಡಿ, ಮಂಜಾಗಿದೆ ಸಾರ್, ಎಲ್ಲಾ ಮಂಜಾಗಿದೆ ಎಂದರು. ಗುರುಗಳು ಲೆನ್ಸಿಗೆ ಮುಚ್ಚಳ ಹಾಕಿ, ಬೆಲ್ಟನ್ನು ಸುತ್ತಿ, ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಕಿಟ್ಟಿ ಬಂದು ತೆಗೆದುಕೊಂಡು ಹೋಗುತ್ತಾನೆ ಎಂದು ಹೇಳಿ 11-30ಕ್ಕೆ ಗೇಟು ದಾಟಿದರು. ಮೊಬೈಲ್ ಅವರು ಅಲ್ಲೇ ಬಿಟ್ಟುಹೋದ ಬ್ಯಾಗಿನಲ್ಲಿತ್ತು. ಸುಮಾರು 300 ಮೀಟರ್ ದೂರದ ಮೈಸೂರು ರಸ್ತೆಯ ಕಡೆಗೆ ನಡೆದುಹೋದದ್ದನ್ನು ಗೇಟಿನ ಕಾವಲುಗಾರ ನೋಡಿದ್ದಾನೆ.

1-20ಕ್ಕೆ ನಾನು ಶಾಲೆ ತಲುಪಿದೆ. ಸ್ವಿಚ್ಚು ನಾನು ತಳ್ಳಿದ ಕಡೆಗೇ ಇತ್ತು. ಕಾರ್ಡಿನಲ್ಲಿ 386 ಫೋಟೊಗಳಿದ್ದವು. ಎಲ್ಲವನ್ನೂ ನೋಡಿದ್ದೇನೆ. ಪ್ರತಿ ಓಟದಲ್ಲೂ ಮಗು ಗೆರೆ ಮುಟ್ಟುವ ಕ್ಷಣ ಸರಿಯಾಗಿದೆ, ಎಲ್ಲಿ ಇರಬೇಕೋ ಅಲ್ಲೇ ಇದೆ. ಮುಖ ಮಾತ್ರ ಇಲ್ಲ. ಕಣ್ಣು ಸರಿಯಿದ್ದವರಿಗೆ ಮೊದಲನೇ ಫೋಟೊದಲ್ಲೇ ತಿಳಿಯುತ್ತಿತ್ತು. ಕ್ಯಾಮೆರಾ ತಾನೇ ಫೋಕಸ್ ಮಾಡುವಂತೆ ಇದ್ದಿದ್ದರೆ ಅವರಿಗೆ ಕಣ್ಣು ಸರಿಯಿಲ್ಲವೆಂದು ಆ ಮೈದಾನದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಇಷ್ಟು ವರ್ಷ ಹಾಗೇ ನಡೆದಿತ್ತು.

ಸಂಜೆ 6ರವರೆಗೆ ಕೆಂಗೇರಿ ಬಸ್ ನಿಲ್ದಾಣ, ಮೆಟ್ರೊ ನಿಲ್ದಾಣ, ರಾಜರಾಜೇಶ್ವರಿನಗರದ ಕಮಾನು, ನಾಯಂಡಹಳ್ಳಿಯ ಗ್ಯಾರೇಜುಗಳ ಸಾಲು, ಎಲ್ಲ ಕಡೆ ವಿಚಾರಿಸಿದೆ. ಪ್ರತಿಯೊಬ್ಬರೂ ಕೇಳಿದ್ದು ಒಂದೇ, ಫೋಟೊ ಇದ್ಯಾ.

ಇಂದು ಶೋಭಾರಾಣಿ ಮೇಡಂ ಕೂಡ ಅದನ್ನೇ ಕೇಳಿದರು. ಆಧಾರ್ ಕಾರ್ಡು ಅವರ ಜೇಬಿನ ಪರ್ಸಿನಲ್ಲಿದೆ. ಆಂಟಿ ತಂದಿರುವುದು ಮದುವೆಯ ಫೋಟೊ, 1989ರದ್ದು, ಅದರಲ್ಲಿ ಬಾಸಿಂಗವೇ ಹೆಚ್ಚು. ನನ್ನ ಮೊಬೈಲಿನಲ್ಲಿ ಎರಡು ಇವೆ. ಎರಡರಲ್ಲೂ ಗುರುಗಳಿಗೆ ನಾಯಿಯ ಕಿವಿ, ನಾಲಿಗೆ ಬರುವಂತೆ ಮಾಡಿ ನಾನೇ ತೆಗೆದದ್ದು. ಮೇಡಂ ಅದನ್ನು ನೋಡಿ ಮೊಬೈಲನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ಆಗ ಪೆನ್‌ಡ್ರೈವ್ ಕೊಟ್ಟೆ. ಎಡಗಣ್ಣು, ಎರಡನೇ ಗುಂಡಿ, ಮೀಸೆಯ ತುದಿ. ಶನಿವಾರ 11-45ಕ್ಕೆ ಅವರ ಹನ್ನೆರಡು ಪೂರ್ತಿ ಫೋಟೊ ನನ್ನ ಬಳಿ ಇದ್ದವು, ಎರಡು ಕ್ಯಾಮೆರಾದಲ್ಲಿ, ಒಳ್ಳೆಯವು.

ಮೇಡಂ ಎಡಗಣ್ಣಿನ ತುಂಡನ್ನು ಠಾಣೆಯ ಕಂಪ್ಯೂಟರಿನಲ್ಲಿ ಒಮ್ಮೆ ನೋಡಿ, "ಪೊರೆ ಬಂದಿದೆಯಲ್ಲಪ್ಪ. ನಮ್ಮಮ್ಮಂಗೂ ಹಿಂಗೇ ಬೂದಿ ಥರ ಇತ್ತು. ಆಪರೇಷನ್ ಮಾಡ್ಸಿದ್ ಮಾರನೇ ದಿನ ಪೇಪರ್ ಓದಿದ್ರು" ಎಂದರು. ನಾನು ರೆಪ್ಪೆಯ ಕೂದಲು ಎಣಿಸಿದ್ದೆ. ಆ ಬೂದುಬಣ್ಣಕ್ಕೆ ಲೆನ್ಸಿನ ಅಂಕ ಕಳೆದಿದ್ದೆ.

ಚಹರೆ: ಎತ್ತರ ಸುಮಾರು ಐದು ಅಡಿ ಐದು ಇಂಚು. ಎಣ್ಣೆಗೆಂಪು ಮೈಬಣ್ಣ. ಬಿಳಿ ಮೀಸೆ. ಕನ್ನಡಕ ಹಾಕುತ್ತಾರೆ. ಬಲಭುಜ ಎಡಕ್ಕಿಂತ ಇಳಿದಿದೆ. ಯಾರನ್ನೇ ಕೂರಿಸಿದರೂ ಮೊದಲು ಗಲ್ಲ ಕೆಳಗೆ ಎನ್ನುತ್ತಾರೆ.

ಇಷ್ಟು ಬರೆದುಕೊಟ್ಟ ನಂತರ ನಡೆದದ್ದನ್ನು ಮೇಡಂ ಅವರ ಸೂಚನೆಯಂತೆ ಸೇರಿಸುತ್ತಿದ್ದೇನೆ. ಹೇಳಿಕೆಯನ್ನು ಗಟ್ಟಿಯಾಗಿ ಓದಿ ಹೇಳುವುದು ಕ್ರಮ. ಶನಿವಾರದ ಭಾಗವನ್ನು ಮೆಲ್ಲಗೆ ಓದಿ ಮೇಡಂ, ಆಂಟಿಗೆ ಇನ್ನೂ ಗೊತ್ತಿಲ್ಲ ಎಂದು ಕೇಳಿಕೊಂಡೆ. ಹಾಗೆಲ್ಲ ಆಗಲ್ಲ ಎಂದು ಪೂರ್ತಿ ಓದಿದರು. ಜಗದಾಂಬಾ ಆಂಟಿ ಕೊನೆಯವರೆಗೆ ಕೇಳಿದರು. ನನ್ನನ್ನು ಬೈಯಲಿಲ್ಲ. "ನಂಗೊತ್ತಿತ್ತು ಕಣೋ ಕಿಟ್ಟಿ. ಎರಡು ವರ್ಷದಿಂದ ಅವರ ತಟ್ಟೇಲಿ ಮೆಣಸಿನಕಾಯಿ, ಕರಿಬೇವು ನಾನೇ ಆರಿಸಿ ತೆಗೆದು ಬಡಿಸ್ತಾ ಇದೀನಿ. ನಂಗೊತ್ತು ಅಂತ ಅವರಿಗೆ ಗೊತ್ತಾಗೋದು ಬೇಡ ಅಂತ ಸುಮ್ನಿದ್ದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ" ಎಂದರು. ಆಮೇಲೆ, ಇದನ್ನೂ ಬರಿ ಎಂದು ಅವರು ಹೇಳಿದ್ದು: ಕಾಣೆಯಾದವರಿಗೆ ದೂರದಿಂದ ಕೈ ಬೀಸಿದರೆ ಪ್ರಯೋಜನವಿಲ್ಲ. ಹತ್ತಿರ ಹೋಗಿ ಹೆಸರು ಹಿಡಿದು ಕರೆಯಬೇಕು. ಒಬ್ಬರೇ ಇದ್ದರೆ ರಸ್ತೆ ದಾಟುವುದಿಲ್ಲ. ಪಕ್ಕದಲ್ಲಿ ನಿಂತವರು ಕಾಲು ಎತ್ತಿದ ಮೇಲೆ ತಾವೂ ಎತ್ತುತ್ತಾರೆ. ಆದ್ದರಿಂದ ಜನ ದಾಟುವ ಜಾಗಗಳಲ್ಲಿ ಮೊದಲು ನೋಡಬೇಕು.

ಇಲ್ಲಿ ಬರೆದಿರುವುದೆಲ್ಲ ನಡೆದದ್ದು. ನನಗೆ ಓದಿ ಹೇಳಲಾಗಿದೆ, ಆಂಟಿಯೂ ಕೇಳಿದ್ದಾರೆ. ತಮಾಷೆಗೆಂದು ಒಂದಕ್ಷರವನ್ನೂ ಸೇರಿಸಿಲ್ಲವೆಂದು ಒಪ್ಪಿ ರುಜು ಮಾಡಿರುತ್ತೇನೆ.

ಸ್ಥಳ: ಬೆಂಗಳೂರು
ದಿನಾಂಕ: 08-12-2025, ಮಧ್ಯಾಹ್ನ 12-50
ಸಹಿ: ಕೃಷ್ಣಮೂರ್ತಿ ಆರ್.