ಒಡೀಲಿಯಾಳ ಭಾನುವಾರದ ಗೌನು

ಮೆಂಫಿಸ್‌ನ ಬಸ್ ನಿಲ್ದಾಣದಲ್ಲಿ ದರ್ಜಿ ಅರ್ನೆಟಾ ಹೊಸ ಗೌನಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಗುರುತಿಲ್ಲದ ಇಬ್ಬರು ಹೆಂಗಸರು ಮಾತಿಗೆ ತೊಡಗಿದ್ದರು.

“ಒಡೀಲಿಯಾ ಭಾನುವಾರ ನಮ್ಮ ಚರ್ಚಲ್ಲಿ ಹಾಡ್ತಾಳಂತೆ ಕಣೇ. ಇಪ್ಪತ್ತು ವರ್ಷ ಕ್ಲಬ್ಬುಗಳಲ್ಲಿ ಪ್ರೀತಿ ಪ್ರೇಮ ಅಂತ ಹಾಡಿದ್ಲು. ಈಗ ಯೇಸಪ್ಪ ನೆನಪಾದ.”

“ಆಡ್ಕೋಬೇಡಕ್ಕ. ಆ ಕಂಠ ನಮ್ಮ ಚರ್ಚಲ್ಲೇ ತಾನೆ ಹುಟ್ಟಿದ್ದು? ಯಾವ ಹಾಡಂತೆ?”

“ಶವಪೆಟ್ಟಿಗೆ ಮುಚ್ಚೋವಾಗ ಹಾಡ್ತೀವಲ್ಲ, ಅದು.”

“ಹೆಣ ಇಲ್ದೆ ಅದನ್ನ ಯಾರಾದ್ರೂ ಹಾಡ್ತಾರಾ? ಪಾಸ್ಟರ್ ಬೇಡ ಅನ್ಲಿಲ್ವಾ?”

“ಅಂದ್ರಂತೆ. ‘ನನ್ನ ಪೆಟ್ಟಿಗೆ ಮುಚ್ಚೋ ದಿನ ನಾನು ಹಾಡೋಕಾಗಲ್ವಲ್ಲ, ಈಗ್ಲೇ ಹಾಡ್ಬಿಡ್ತೀನಿ’ ಅಂದ್ಲಂತೆ.”

“ಕಾಯಿಲೆನಾ?”

“ಯಾರಿಗ್ಗೊತ್ತು. ನನ್ನ ತಮ್ಮ ಹೆಣಗಳಿಗೆ ಸಿಂಗಾರ ಮಾಡೋನಲ್ವಾ? ಅವನ್ನ ಹುಡುಕ್ಕೊಂಡು ಬಂದು, ಬಟ್ಟೆ ಹೇಗೆ ತೊಡಿಸ್ತೀರಿ ಅಂತ ಕೇಳಿದ್ಲಂತೆ. ಬಟ್ಟೆಯ ಬೆನ್ನು ಪೂರ್ತಿ ಬಿಚ್ಚಿರ್ಬೇಕು, ಹಿಂದೆ ಕಟ್ಟೋದಷ್ಟೇ ಅಂದನಂತೆ.”

ಬಸ್ ಬಂತು. ಇಬ್ಬರೂ ಹತ್ತಿ ಹೋದರು.

ಅರ್ನೆಟಾ ಹಿಡಿಯಬೇಕಾದ ಬಸ್ಸೂ ಅದೇ. ಅವಳು ಏಳಲಿಲ್ಲ. ಈ ಗೌನಿಗೆ ಜಿಪ್ ಬೇಡ, ಬೆನ್ನನ್ನು ಕೆಳಗಿನವರೆಗೂ ತೆರೆದುಬಿಟ್ಟು ಲಾಡಿ ಇಡು ಎಂದು ಒಡೀಲಿಯಾ ಹಟ ಹಿಡಿದಿದ್ದಳು. ಸೆಕೆಗಿರಬೇಕು ಎಂದುಕೊಂಡು ಅರ್ನೆಟಾ ಹಾಗೇ ಹೊಲಿದಿದ್ದಳು.