ಹಾಸ್ಟೆಲಿನ ಮುದ್ದೆಯೂ ಕೌನ್ಸಿಲ್ಲಿನ ನಿರ್ಣಯವೂ

ಅಲ್ಲ ಭಾವ, ನೀವೇ ಹೇಳಿ, ಮುದ್ದೆ ತಿನ್ನೋದು ಅಪರಾಧವಾ? ಅಪರಾಧವಂತೆ! ರಾಗಿ ಬೆಳೆಯೋ ಸೀಮೆಯಲ್ಲಿ, ರಾಗಿ ತಿಂದು ಬೆಳೆದ ಹುಡುಗ, ಒಂದು ಮುದ್ದೆ ಕಟ್ಟಿದ್ದಕ್ಕೆ ಎರಡು ವರ್ಷ ಯೂನಿವರ್ಸಿಟಿಯಿಂದ ಆಚೆಗೆ! ಯಾರಿಗಾದ್ರೂ ಹೇಳಿದ್ರೆ ನಗ್ತಾರೆ... ನೀವು ನಗ್ಲಿಲ್ಲ. ಸರಿ, ಹೇಗೆ ನಗ್ತೀರಿ? ಮಗನ ಓದು ನಡುನೀರಲ್ಲಿ ನಿಂತಿರೋವಾಗ ತಂದೆಯಾದವನಿಗೆ ನಗು ಎಲ್ಲಿಂದ ಬರ್ಬೇಕು!

ಇರಿ, ಏಳ್ಬೇಡಿ. ಮುಡುಕುತೊರೆಯಿಂದ ನಂಜನಗೂಡಿನ ತನಕ ಗಾಡೀಲಿ ಕುಲುಕಿಸಿಕೊಂಡು ಬಂದಿದ್ದೀರಿ. ಆ ಒರಗುದಿಂಬು ಬೆನ್ನಿಗೆ ಕೊಟ್ಕೊಳ್ಳಿ. ಏನೇ! ನಿಮ್ಮಣ್ಣನಿಗೆ ಮಜ್ಜಿಗೆ ತಂದ್ಕೊಡೇ! ಇಂಗು ಹಾಕಿ ತಾ! ... ಕಡೀತಿದ್ದಾಳೆ, ಬರ್ತಾಳೆ. ನೀವು ಬಂದಾಗಿನಿಂದ ಒಂದು ಮಾತೂ ಆಡ್ಲಿಲ್ಲವಲ್ಲ, ಭಾವ. ಪರವಾಗಿಲ್ಲ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತೆ. ನಿಮ್ಮ ಪಾಲಿನದನ್ನೂ ಸೇರಿಸಿ ನಾನೇ ಬೈತೀನಿ!

ನಡೆದದ್ದಾದ್ರೂ ಏನು? ಆ ಹಾಸ್ಟೆಲಿನಲ್ಲಿ ಎರಡು ಹೊತ್ತೂ ಅನ್ನ, ಮೇಲೆ ನೀರು ನೀರು ಸಾರು. ಕಾವೇರಿ ದಡದಲ್ಲಿ ಭತ್ತ ಬೆಳೆಯೋರು ನಾವು, ಇಲ್ಲ ಅನ್ನಲ್ಲ. ಆದ್ರೆ ಭತ್ತ ಮಾರೋಕೆ, ರಾಗಿ ಉಣ್ಣೋಕೆ, ಅಲ್ವಾ? ಬೆಳಿಗ್ಗೆ ಉಂಡ ಆ ಅನ್ನ ಎರಡನೇ ಗಂಟೆ ಪಾಠಕ್ಕೇ ಕರಗಿಹೋಗುತ್ತೆ. ಹುಡುಗರು ಹೋಗಿ ವಾರ್ಡನ್ನನ್ನ ಕೇಳಿದ್ರು: ವಾರಕ್ಕೊಂದು ದಿನವಾದ್ರೂ ಮುದ್ದೆ ಮಾಡಿಸಿ ಸಾರ್. ಅದಕ್ಕೆ ಆ ಮಹಾನುಭಾವ ಏನಂದ ಗೊತ್ತೇ? ರಾಗಿ ಯೂನಿವರ್ಸಿಟಿಯ ಅಂತಸ್ತಿಗೆ ತಕ್ಕ ಆಹಾರವಲ್ಲ ಅಂತ! ಅಂತಸ್ತು! ಅವನ ಅಂತಸ್ತಿಗೆ ಬೆಂಕಿ ಬೀಳ!

ನಮ್ಮ ಮಹದೇವ ಏನು ಮಾಡಿದ? ಭಾನುವಾರ ಸಾಯಂಕಾಲ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿದ. ನೀವು ಕಳಿಸಿದ ಹಿಟ್ಟು, ಅವನ ಕೈ. ಮುದ್ದೆ ತಿರುವಿದ, ಉಪ್ಸಾರು ಕಾಸಿದ. ಆ ಘಮ ಹೋಯ್ತು ನೋಡಿ ಕೋಣೆ ಕೋಣೆಗೂ! ಹುಡುಗರು ತಟ್ಟೆ ಹಿಡ್ಕೊಂಡು ಒಬ್ಬೊಬ್ಬರಾಗಿ ಹಿತ್ತಿಲಿಗೆ ಬಂದ್ರಂತೆ. ಅಡಿಗೆಭಟ್ಟ ಮಾಡಿದ ಅನ್ನ ಕೊಪ್ಪರಿಗೆಯಲ್ಲೇ ಉಳೀತು. ಅಷ್ಟೇ ತಪ್ಪು ಭಾವ! ಅನ್ನ ಉಳೀತಲ್ಲ, ಅದು ವಾರ್ಡನ್ನನಿಗೆ ಅವಮಾನ. ಮಾರನೇ ದಿನವೇ ರಿಪೋರ್ಟು: ಹುಡುಗರನ್ನ ಎತ್ತಿಕಟ್ಟಿ ಬೇರೆ ಅಡಿಗೆಮನೆ ಹೂಡಿದ, ಶಿಸ್ತು ಮುರಿದ, ಕಟ್ಟಡದ ಪಕ್ಕದಲ್ಲಿ ಬೆಂಕಿ ಹಾಕಿದ. ಓದಿದೋರಿಗೆ ಹಾಸ್ಟೆಲು ಸುಟ್ಟು ಬೂದಿಯಾಗಿದೆ ಅನ್ನಿಸ್ಬೇಕು, ಹಾಗೆ!

ಸರಿ, ಹೊಟ್ಟೆಕಿಚ್ಚಿನ ವಾರ್ಡನ್ನು ಏನೋ ಗೀಚಿದ. ಆದ್ರೆ ಮೇಲೆ ಕೌನ್ಸಿಲ್ ಅಂತ ಒಂದು ಇದೆಯಲ್ಲ! ಯೂನಿವರ್ಸಿಟಿಯ ತಂದೆ ತಾಯಿ ಎಲ್ಲ ಅದೇ ಅಲ್ವಾ? ಕಲಿಸೋರನ್ನ ನೇಮಿಸೋದು ಅದು, ಕಟ್ಟಡ ಕಟ್ಟಿಸೋದು ಅದು, ಹುಡುಗರ ಹಣೆಬರಹ ಬರೆಯೋದೂ ಅದು. ವಿಚಾರಣೆ ಮಾಡ್ಬೇಕೋ ಬೇಡವೋ? ಹುಡುಗನ್ನ ಕರೆಸಿದ್ರು ಕಣ್ರೀ, ಹಾಜರಿರಬೇಕು ಅಂತ ಆರ್ಡರು ಕಳಿಸಿ ಕರೆಸಿದ್ರು. ಆದ್ರೆ ಒಳಗೆ ಕರೆದ್ರಾ? ಬಾರಪ್ಪಾ, ಏನು ನಡೀತು ಹೇಳು ಅಂದ್ರಾ? ಇಲ್ಲ! ಆಚೆ ಮೊಗಸಾಲೆಯಲ್ಲಿ ನಿಂತಿದ್ದ ಮಗು ನಿಂತೇ ಇತ್ತು!

ಒಳಗೆ ಏನು ಮಾಡ್ತಿದ್ರು ಅಂತೀರಾ? ಹೇಳ್ತೀನಿ, ಹೊಟ್ಟೆ ಉರಿಯುತ್ತೆ. ಪದವಿ ಕೊಡೋ ದಿನ ಹುಡುಗರು ಹಾಕ್ಕೊಳ್ಳೋ ನಿಲುವಂಗಿ ಇದೆಯಲ್ಲ, ಅದರ ತೋಳು ಮೊಣಕೈಗೆ ನಿಲ್ಬೇಕೋ ಮಣಿಕಟ್ಟಿಗೆ ಇಳೀಬೇಕೋ, ಇದು ಚರ್ಚೆ! ಬೆಳಗಿನ ಹೊತ್ತೆಲ್ಲ ಇದೇ! ಪ್ರಿನ್ಸಿಪಾಲ್ ದೊರೆ ಮಣಿಕಟ್ಟು ಅಂತಾರೆ, ರಿಟೈರ್ಡ್ ಜಡ್ಜಿಗಳು ಮೊಣಕೈ ಅಂತಾರೆ, ಅಧ್ಯಕ್ಷರು ಇಬ್ಬರ ಮುಖಾನೂ ನೋಡ್ತಾರೆ. ಆಮೇಲೆ ಹುಲ್ಲು ಕತ್ತರಿಸೋ ಯಂತ್ರ. ಆಮೇಲೆ ಪಂಖಾ ಎಳೆಯೋ ಆಳು ತೂಕಡಿಸ್ತಾನೆ ಅಂತ ದೂರು. ಹಾಸ್ಟೆಲಿನ ವಿಷಯ ಬರೋ ಹೊತ್ತಿಗೆ ಪಕ್ಕದ ಕೋಣೆಯಿಂದ ತಿಂಡಿ ವಾಸನೆ ಬಂದಿತ್ತು. ಉಪ್ಪಿಟ್ಟು, ಮೇಲೆ ಕೇಸರಿಬಾತು. ಜಡ್ಜಿಗಳು ಗಡಿಯಾರ ತೆಗೆದ್ರು. ರಿಜಿಸ್ಟ್ರಾರು ಗಿಣಿಪಾಠ ಒಪ್ಪಿಸಿದ ಹಾಗೆ ಓದ್ತಾ ಹೋದ. ಒಂದು ಸಲ ಎಲೆ ಅಡಿಕೆ ಹಾಕಿಕೊಳ್ಳೋಷ್ಟು ಹೊತ್ತೂ ಹಿಡೀಲಿಲ್ಲ, ಭಾವ, ನಿಮ್ಮ ಮಗನ ಬಾಳು ತೀರ್ಮಾನವಾಗೋಕೆ!

ಆ ಹಾಸ್ಟೆಲು ಯಾವ ದಿಕ್ಕಿಗಿದೆ ಅಂತ ಆ ಮೇಜಿನ ಸುತ್ತ ಕೂತೋರಲ್ಲಿ ಯಾರಿಗಾದ್ರೂ ಗೊತ್ತಾ? ಒಬ್ಬರಾದ್ರೂ ಒಂದು ದಿನ ಹೋಗಿ ಆ ಸಾರಿನ ರುಚಿ ನೋಡಿದ್ದಾರಾ? ... ಯಾಕೆ ಹಾಗೆ ನೋಡ್ತೀರಿ? ನಾನಾ? ನಾನು... ಹೋಗ್ಬೇಕು ಅಂತಾನೇ ಇದ್ದೆ. ಹೋದ ತಿಂಗಳೇ ಹೊರಟಿದ್ದೆ. ಜಟಕಾದವನೂ ಸಿಕ್ಕಿದ್ದ. ಅಷ್ಟರಲ್ಲಿ ರೈಲಿಗೆ ಹೊತ್ತಾಯ್ತು, ಬಿಡಿ ಅದನ್ನ.

ಸರ್ಕಾರದವರು ನನ್ನನ್ನ, ಈ ಶಂಭುಲಿಂಗಪ್ಪನ್ನ, ಯಾಕೆ ಕೌನ್ಸಿಲ್ಲಿಗೆ ಹಾಕಿದ್ದು? ಬಿ.ಎ. ಮಾಡಿದ್ದಾನೆ, ಸ್ಕೂಲ್ ಇನ್ಸ್‌ಪೆಕ್ಟರಾಗಿ ಊರೂರು ತಿರುಗಿ ರಿಟೈರ್ ಆಗಿದ್ದಾನೆ, ಒಕ್ಕಲು ಮಕ್ಕಳ ಪರವಾಗಿ ಒಂದು ಮಾತು ಆಡ್ತಾನೆ ಅಂತ. ಆವತ್ತು ನೀವೇ ಅಲ್ವಾ ಊರಿಗೆಲ್ಲ ಸಕ್ಕರೆ ಹಂಚಿದ್ದು? ನಮ್ಮ ಪುಟ್ಟಬಸವಯ್ಯನ ಭಾವ ದೊಡ್ಡ ಸಭೇಲಿ ಕೂತ್ಕೊಳ್ತಾನೆ ಅಂತ ಜನ ಅಂದ್ರೆ ನಿಮ್ಮ ಮೀಸೆ ಹೇಗೆ ಏಳ್ತಿತ್ತು! ನಾನೇನು ಆ ಸಕ್ಕರೆ ಮರೆತಿದ್ದೀನಾ? ಮರೀಲಿಲ್ಲ! ಎದ್ದು ನಿಂತೆ, ಭಾವ. ಎದ್ದು ನಿಂತು ಮೇಜು ಗುದ್ದಿದೆ. ಮಹನೀಯರೇ, ಅಂದೆ, ನೀವು ತಿನ್ನೋ ಅನ್ನ ಬೆಳೆಯೋನು ಮುದ್ದೆ ತಿಂದೇ ಬೆಳೆಯೋದು, ಅಂದೆ. ಆ ಹುಡುಗನ್ನ ಆಚೆಗೆ ಹಾಕೋದಾದ್ರೆ ರಾಗಿ ಹೊಲಗಳನ್ನೂ ಸಂಸ್ಥಾನದ ಆಚೆಗೆ ಹಾಕಿ, ಅಂದೆ! ಎಲ್ಲರೂ ತೆಪ್ಪಗಾಗಿಬಿಟ್ರು...

ಏನು ಭಾವ? ಯಾಕೆ ತಲೆ ಬಗ್ಗಿಸಿಬಿಟ್ರಿ?

ಗುದ್ದಿದೆ ಅಂದ್ರೆ, ಕೈ ಇಟ್ಟೆ. ಮೇಜಿನ ಮೇಲೆ ಕೈ ಇಟ್ಟೆ. ಅಷ್ಟು ದೊಡ್ಡೋರ ಮುಂದೆ ಗುದ್ದೋದು ಮರ್ಯಾದೆಯಲ್ಲ ನೋಡಿ. ಇಟ್ಟು, ಏಳೋಕೆ ಹೊರಟೆ. ಮಾತು ಇಲ್ಲೇ ಇತ್ತು, ನಾಲಿಗೆ ತುದೀಲೇ. ಈಗ ನಿಮಗೆ ಹೇಳಿದೆನಲ್ಲ, ಅಷ್ಟೂ ಇತ್ತು. ಅಷ್ಟರಲ್ಲಿ ಕುರ್ಚಿಗಳು ಹಿಂದಕ್ಕೆ ಸರಿದ್ವು, ಎಲ್ಲರೂ ತಿಂಡಿಗೆ ಎದ್ರು. ಯಾರಿಗೆ ಹೇಳ್ಲಿ? ಗೋಡೆಗಾ?

ಹಲ್ಕಾ ಜನ! ಮಕ್ಕಳನ್ನ ಹೆತ್ತಿಲ್ವಾ ಇವರು! ಪರೀಕ್ಷೆಗೆ ಇನ್ನೇನು ಉಳಿದಿದೆ? ಶಿವರಾತ್ರಿ ಕಳೆದ್ರೆ ಪರೀಕ್ಷೆ. ಈಗ ತಪ್ಪಿದ್ರೆ ಎರಡು ವರ್ಷ ನೇಗಿಲು ಹಿಡೀತಾನೆ. ಆಮೇಲೆ ಪುಸ್ತಕ ಹಿಡೀತಾನಾ? ನಿಮ್ಮ ಕಡೆಯೋರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದೋನು ಅವನೊಬ್ಬನೇ! ನನಗೆ ಗೊತ್ತಿಲ್ವಾ ಅದು? ಅವನಿಗೆ ಅಕ್ಷರ ತಿದ್ದಿಸಿದೋನು ನಾನು! ಇದೇ ಜಗಲೀಲಿ, ಮರಳ ಮೇಲೆ, ಈ ಕೈಯಲ್ಲಿ ಅವನ ಬೆರಳು ಹಿಡಿದು!

ದಾರಿ ಇಲ್ವಾ ಅಂತ ತಾನೇ ನಿಮ್ಮ ಪ್ರಶ್ನೆ? ಇದೆ. ಇದ್ದೂ ಇಲ್ಲ. ಕೇಳಿ, ಬಿಡಿಸಿ ಹೇಳ್ತೀನಿ. ಆ ಸಭೇಲಿ ಯಾವ ವಿಷಯ ಆಗ್ಲಿ, ಒಬ್ಬ ಸೂಚಿಸಬೇಕು, ಇನ್ನೊಬ್ಬ ಅನುಮೋದನೆ ಅನ್ನಬೇಕು. ಎರಡನೆಯವನು ಬಾಯಿ ಬಿಡದಿದ್ರೆ ಅದು ಅಲ್ಲೇ ಸತ್ತ ಹಾಗೆ. ಬಾಯಿ ಬಿಟ್ರೆ ಮುಗೀತು, ಅದು ನಿರ್ಣಯ. ಅದನ್ನ ತಿರುಗಿ ಮೇಜಿಗೆ ತರಬೇಕು ಅಂದ್ರೆ ಅವರಿಬ್ಬರಲ್ಲೇ ಒಬ್ಬರು ಬರೆದು ಕೇಳಬೇಕು, ನನ್ನ ಮಾತು ಹಿಂದಕ್ಕೆ ತಗೋತೀನಿ, ಇನ್ನೊಮ್ಮೆ ವಿಚಾರಿಸಿ ಅಂತ. ಮುಂದಿನ ಸಭೆ ಪರೀಕ್ಷೆಗೆ ಮೊದಲೇ ಇದೆ. ಆದ್ರೆ ಮಿಕ್ಕೋರು ಗಂಟ್ಲು ಹರ್ಕೊಂಡ್ರೂ ನಡೆಯೋಲ್ಲ. ಕಾನೂನು!

ಸೂಚಿಸಿದ್ದು ಜಡ್ಜಿಗಳು. ಆತ ಆಡಿದ ಮಾತು ನುಂಗೋ ಮನುಷ್ಯ ಅಲ್ಲ. ಇನ್ನು ಅನುಮೋದಿಸಿದೋನು... ಯಾರೋ ಒಬ್ಬ. ಅಷ್ಟು ಜನದಲ್ಲಿ ಯಾರು ಅಂತ ಹೇಳ್ಲಿ? ದೊಡ್ಡೋರು ಅದನ್ನ ಹೇಳೋಕೆ ಹೋಗೋಲ್ಲ ಭಾವ, ಅವರಿಗೆ ಅದು ಸಣ್ಣ ಕೆಲಸ. ಮೇಜಿನ ಕೊನೇಲಿ ಕೂತೋನು ಹೇಳ್ಬೇಕು. ರಿಜಿಸ್ಟ್ರಾರು ಓದಿ ತಲೆ ಎತ್ತಿ ಅವನ ಕಡೆ ನೋಡ್ತಾನೆ, ಅವನು ಹೂಂ ಅಂತಾನೆ. ಹುಲ್ಲಿನ ಯಂತ್ರಕ್ಕೂ ಹೂಂ, ಪಂಖಾ ಹಗ್ಗಕ್ಕೂ ಹೂಂ. ಇಡೀ ವರ್ಷ ಅದೇ ಒಂದು ಮಾತು ಅಭ್ಯಾಸವಾಗಿ, ಮೊದಮೊದಲು ಖುಷಿಯೂ ಆಗಿ, ಓಹೋ ನಾನು ಅನ್ನದಿದ್ರೆ ಯೂನಿವರ್ಸಿಟೀನೇ ನಡೆಯೋಲ್ಲ ಅಂತ ಎದೆ ಉಬ್ಬಿ... ಆಮೇಲೆ ಏನು ಓದಿದ್ರು ಅಂತ ಕಿವಿಗೆ ಬೀಳೋ ಮುಂಚೇನೇ ಬಾಯಿ ತೆರೆದುಕೊಂಡುಬಿಡುತ್ತೆ. ಕೇಸರಿಬಾತಿನ ಮೇಲೆ ಧ್ಯಾನ ಇರುತ್ತೆ, ಹುಡುಗನ ಹೆಸರು ಕಿವಿಗೆ ತಾಕೋದು ಆಮೇಲೆ. ತಾಕಿದ್ರೆ ಏನು ಬಂತು? ಅಂದದ್ದು ಅಂದದ್ದೇ.

ಅಂಥೋನು ಈಗ ಬರೀತಾನಾ? ಏನಂತ ಬರೀಬೇಕು? ಕೇಳಿಸ್ಕೊಳ್ಳದೇ ಹೂಂ ಅಂದೆ ಅಂತಲಾ? ಆಮೇಲೆ ಆ ಮೇಜಿನ ಹತ್ರ ಮುಖ ಎತ್ತಿ ಕೂರೋಕಾಗುತ್ತಾ? ಜಡ್ಜಿಗಳು ಕನ್ನಡಕದ ಮೇಲಿಂದ ನೋಡಿ ನಕ್ಕರೆ ಸಾಯೋದೊಂದೇ ಬಾಕಿ. ಬರೋ ವರ್ಷ ಅವನನ್ನ ನಾಮಿನೇಟ್ ಮಾಡ್ತಾರಾ? ಇಲ್ಲ. ಊರಲ್ಲಿ ತಲೆ ಎತ್ತಿಕೊಂಡು ಓಡಾಡೋ ಹಾಗಿಲ್ಲ. ಪಾಪ, ಅವನ ಕಷ್ಟಾನೂ...

ಪಾಪ ಅಂದೆನಾ? ಬಾಯಿತಪ್ಪಿ ಬಂತು. ಅಂಥೋನಿಗೆ ಯಾತರ ಪಾಪ! ದರಿದ್ರದೋನು! ಅವನ ನಾಲಿಗೆ ಬಿದ್ದುಹೋಗ!

ಏನೇ, ಮಜ್ಜಿಗೆ! ... ಕಡೆಯೋದು ಯಾಕೆ ನಿಲ್ಲಿಸಿದ್ಲು ಇವಳು? ಬಾಗಿಲ ಹಿಂದೆ ನಿಂತಿದ್ದೀಯೇನೇ? ಒಳಗೆ ಹೋಗು.

ಭಾವ... ಅದೇನು ಮಾಡ್ತಿದ್ದೀರಿ? ಅದು ದೌತಿ. ಮಸಿ ಇದೆ ಅದರಲ್ಲಿ, ಚೆಲ್ಲುತ್ತೆ. ಅದನ್ನ ಯಾಕೆ ನನ್ನ ಕಡೆ ಸರಿಸ್ತೀರಿ? ನಾನು ಬರೆದು ಏನು ಪ್ರಯೋಜನ? ಈಗಷ್ಟೇ ಹೇಳಿದೆನಲ್ಲ, ಮಿಕ್ಕೋರು ಬರೆದ್ರೆ ನಡೆಯೋಲ್ಲ, ಸೂಚಿಸಿದೋನು, ಇಲ್ಲಾ...

ಯಾರು ಹೇಳಿದ್ರು ನಿಮಗೆ?

ಯಾರೋ ಹೇಳಿದ್ದನ್ನ ನಂಬ್ತೀರಾ ನೀವು? ರಿಜಿಸ್ಟ್ರಾರ್ ಆಫೀಸಿನ ಆ ಗುಮಾಸ್ತ ಜವರಯ್ಯನಾ? ಅವನು ಮಾತೇ ಕಟ್ಟೋದು! ಅವನಲ್ವಾ? ಮತ್ತೆ? ನೀವೇ ಏನು ಅಲ್ಲಿ... ಇಲ್ಲ. ನೀವು ಊರಲ್ಲಿದ್ರಿ. ನಾನೇ ಹೇಳಿ ಕಳಿಸಿದ್ದೆ, ಭಾವ ಬರೋದು ಬೇಡ, ನಾನಿದ್ದೀನಿ, ಎಲ್ಲ ನೋಡ್ಕೊಳ್ತೀನಿ ಅಂತ.

ಬಂದಿದ್ರಾ?

ಕಿಟಕಿ ಆಚೆ ಮೊಗಸಾಲೇಲಿ ರುಮಾಲು ಸುತ್ತಿಕೊಂಡು, ನಮ್ಮ ಕಡೆ ಬೆನ್ನು ಮಾಡಿ ಒಬ್ಬರು ಕೂತಿದ್ರು. ತೋಟದ ಮಾಲಿ ಅಂದ್ಕೊಂಡೆ. ಕಿಟಕಿ ಪಕ್ಕದಲ್ಲೇ ನನ್ನ ಕುರ್ಚಿ. ಕೈ ಚಾಚಿದ್ರೆ ಆ ರುಮಾಲು ಸಿಕ್ತಿತ್ತು. ನೀವಾ ಅದು?

ಏನು ಕೇಳಿಸ್ತು? ಎಲ್ಲ ಇಂಗ್ಲಿಷು, ನಿಮಗೇನು ತಿಳಿಯುತ್ತೆ? ನನ್ನ ದನಿ ಕೇಳಿಸ್ತು ಅಂತಾನೇ ಇಟ್ಕೊಳ್ಳಿ, ಐ ಸೆಕೆಂಡ್ ಇಟ್ ಅಂದ್ರೆ ಏನು ಅಂತ ನಿಮಗೆ ಹೇಗೆ ಗೊತ್ತಾಗ್ಬೇಕು? ಅದು ಸುಮ್ನೆ ಒಂದು... ಒಂದು ವಾಡಿಕೆ ಮಾತು, ಅದಕ್ಕೆ ಅರ್ಥ ಅಂತ ಏನೂ... ನಿಮಗೆ ಬಿಡಿಸಿ ಹೇಳೋರು ಯಾರಿದ್ರು ಅಲ್ಲಿ, ಆ ಮೊಗಸಾಲೇಲಿ, ನಿಮ್ಮ ಜೊತೆ ಇದ್ದದ್ದು...

ಅಯ್ಯೋ.

ಮಹದೇವನೂ ಅಲ್ಲೇ ನಿಂತಿದ್ನಲ್ಲ.

ಕೇಳಿಸ್ಕೊಂಡ್ನಾ, ಭಾವ? ಕೇಳಿಸ್ಕೊಂಡು ಏನಂದ? ಬೈದ್ನಾ? ಅತ್ತನಾ? ... ಹಾಗಾದ್ರೆ ಎಲ್ಲ ಗೊತ್ತಿದ್ದೂ ಇಷ್ಟು ದೂರ ಬಂದು, ನಾನು ಮೇಜು ಗುದ್ದಿದ್ದನ್ನೂ ಕೇಳಿ, ಭಾಷಣವನ್ನೂ ಕೇಳಿ, ಒಂದು ಮಾತೂ ಆಡದೆ ಯಾಕೆ ಕೂತಿದ್ದೀರಿ? ನೀವು ಸುಮ್ಮನಿರೋ ಮನುಷ್ಯ ಅಲ್ಲ. ಸಂತೇಮರಹಳ್ಳಿ ಸಂತೇಲಿ ಎತ್ತಿನ ದಲ್ಲಾಳಿ ಕಪಾಳಕ್ಕೆ ಹೊಡೆದೋರು ನೀವು. ನನಗೂ ಹೊಡೀಬಹುದಿತ್ತು. ಯಾಕೆ ಹೊಡೀಲಿಲ್ಲ?

ಮಾವನ್ನ ಏನೂ ಅನ್ಬೇಡಿ ಅಂತ... ಅವನೇ ಹೇಳಿ ಕಳಿಸಿದ್ನಾ?